ಅಪ್ಪ ಬದುಕಿದ್ದಾರೆ, ಅರ್ಜಿ ತಿರಸ್ಕೃತ

ಕಾಯಿಲೆ ಬೀಳುವ ಯೋಚನೆಯಿರುವ ಅಪ್ಪ ಅಮ್ಮಂದಿರು ಮೊದಲು ಶಿಕ್ಷಣ ಇಲಾಖೆಯ ವಾರ್ಷಿಕ ವೇಳಾಪಟ್ಟಿ ನೋಡಿಕೊಳ್ಳತಕ್ಕದ್ದು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ, ದಸರಾಕ್ಕೆ ಇನ್ನೊಂದಿಷ್ಟು ದಿನ. ಅಷ್ಟರೊಳಗೆ ರೋಗ ಬಂದು, ಪತ್ತೆಯಾಗಿ, ವಾಸಿಯಾಗಿ, ಇಲ್ಲವೇ ಆಗಬಾರದ್ದು ಆಗಿ ತಿಥಿಯೂಟವೂ ಮುಗಿದು, ಶಾಲೆ ಶುರುವಾಗುವ ದಿನ ಮಗು ತಲೆ ಬಾಚಿಕೊಂಡು ಪ್ರಾರ್ಥನೆಯ ಸಾಲಿನಲ್ಲಿ ನಿಂತರೆ ಸರ್ಕಾರದ ಯಾವ ಇಲಾಖೆಗೂ ತೊಂದರೆಯಿಲ್ಲ. ಕಷ್ಟವೇನೆಂದರೆ ರೋಗಗಳು ಸುತ್ತೋಲೆ ಓದುವುದಿಲ್ಲ. ಇಪ್ಪತ್ತೊಂದು ದಿನಕ್ಕೊಮ್ಮೆ ಆರು ಸಲ ಕೀಮೋ ಅಂದರೆ ನಾಲ್ಕು ತಿಂಗಳು ಹೋಯಿತು. ಕ್ಷಯದ ಮಾತ್ರೆ ಕನಿಷ್ಠ ಆರು ತಿಂಗಳು. ಲಕ್ವ ಹೊಡೆದರೆ ಲೆಕ್ಕವೇ ಇಲ್ಲ. ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್, ಬೇರೆ ಕಿಡ್ನಿ ಸಿಗುವ ತನಕ ಅಥವಾ ಉಸಿರಿರುವ ತನಕ. ಬೇಸಿಗೆ ರಜೆಯಲ್ಲಿ ಮುಗಿಯುವ ದೊಡ್ಡ ಕಾಯಿಲೆಯನ್ನು ವೈದ್ಯಲೋಕ ಇನ್ನೂ ಕಂಡುಹಿಡಿದಿಲ್ಲ.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಏನು ಕಡಿಮೆಯಾಗಿದೆ ಹೇಳಿ. 2008ರಿಂದ ದೇವನಹಳ್ಳಿಯಲ್ಲಿ ವಿಮಾನ ಇಳಿಯುತ್ತಿದೆ. ಹೊಸಕೋಟೆಯ ಬಿರಿಯಾನಿಗೆ ಬೆಳಗಿನ ಜಾವವೇ ಕಾರುಗಳು ಸಾಲುಗಟ್ಟುತ್ತವೆ. ದಾಬಸ್‌ಪೇಟೆಯಲ್ಲಿ ಕಾರ್ಖಾನೆ, ಬಾಶೆಟ್ಟಿಹಳ್ಳಿಯಲ್ಲಿ ಕಾರ್ಖಾನೆ, ಮಿಕ್ಕಿದ್ದರಲ್ಲಿ ಲೇಔಟು. ಆದರೆ ದೊಡ್ಡ ಕಾಯಿಲೆ ಬಂತೋ, ಹೊರಡಿ ಬೆಂಗಳೂರಿಗೆ. ಕ್ಯಾನ್ಸರ್‌ಗೆ ಹೊಸೂರು ರಸ್ತೆಯ ಕಿದ್ವಾಯಿ, ಕಿಡ್ನಿಗೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ, ತಲೆಗೆ ನಿಮ್ಹಾನ್ಸ್, ಎದೆಗೆ ಜಯದೇವ. ಸೂಲಿಬೆಲೆಯಿಂದಲೋ ತ್ಯಾಮಗೊಂಡ್ಲುವಿನಿಂದಲೋ ಸಾಸಲಿನಿಂದಲೋ ಮೊದಲ ಬಸ್ಸು ಹಿಡಿದು ಹೊರಟರೂ ಓಪಿಡಿ ಚೀಟಿ ಕೈಗೆ ಬರುವ ಹೊತ್ತಿಗೆ ಶಾಲೆಯಲ್ಲಿ ಎರಡನೇ ಪೀರಿಯಡ್ಡಿನ ಗಂಟೆ ಹೊಡೆದಿರುತ್ತದೆ.

ರೋಗಿಯ ಜೊತೆಗೆ ಯಾರು ಹೋಗಬೇಕು ಎನ್ನುವುದು ಮನೆಯ ಸಚಿವ ಸಂಪುಟದ ತೀರ್ಮಾನ. ಅಮ್ಮ ಹೋದರೆ ಅವತ್ತಿನ ಕೂಲಿ ಹೋಗುತ್ತದೆ. ಅಣ್ಣ ಹೋದರೆ ಟಿಕೆಟ್ಟಿನ ದುಡ್ಡು ಹೋಗುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಹಾಗಾಗಿ ಒಂಬತ್ತನೇ ಕ್ಲಾಸಿನ ಹುಡುಗಿ ಹೊರಡುತ್ತಾಳೆ. ಟಿಕೆಟ್ಟೂ ಸೊನ್ನೆ, ಕೂಲಿಯೂ ಸೊನ್ನೆ. ಇಷ್ಟು ಅಗ್ಗದಲ್ಲಿ ಇನ್ನಾರು ಸಿಗುತ್ತಾರೆ? ಶಕ್ತಿ ಯೋಜನೆಯನ್ನು ನಾನು ಬೈಯುತ್ತಿಲ್ಲ. ಅದಿಲ್ಲದಿದ್ದರೆ ಎಷ್ಟೋ ಹೆಂಗಸರು ದೊಡ್ಡಾಸ್ಪತ್ರೆಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಆದರೆ ಕಂಡಕ್ಟರ್ ಹರಿದುಕೊಡುವ ಆ ಗುಲಾಬಿ ಚೀಟಿಯ ಇನ್ನೊಂದು ಮಗ್ಗುಲಲ್ಲಿ ಹಾಜರಿ ಪುಸ್ತಕದ ಒಂದು ಖಾಲಿ ಚೌಕವೂ ಇರಬಹುದು ಎಂದು ಯಾರೂ ಲೆಕ್ಕ ಹಾಕಿಲ್ಲ.

ಆ ಹುಡುಗಿಗೆ ಹೆಸರಿಡುವುದಿಲ್ಲ. ನಾಲ್ಕೂ ತಾಲ್ಲೂಕಿನಲ್ಲಿ ಅವಳಿದ್ದಾಳೆ, ಒಂದೊಂದು ಊರಲ್ಲಿ ಒಂದೊಂದು ಹೆಸರು. ಮಾತಿನ ಅನುಕೂಲಕ್ಕೆ ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯವಳು ಅಂದುಕೊಳ್ಳಿ. ಅಪ್ಪ ಪವರ್‌ಲೂಮ್‌ನಲ್ಲಿ ಸೀರೆ ನೇಯುತ್ತಿದ್ದವರು, ಎರಡು ಕಿಡ್ನಿಯೂ ಹೋಗಿದೆ. ಅಮ್ಮ ಈಗ ಬೇರೆಯವರ ಮಗ್ಗದ ಮನೆಗೆ ಕೂಲಿಗೆ ಹೋಗುತ್ತಾರೆ. ದೊಡ್ಡಾಸ್ಪತ್ರೆಯ ಓಡಾಟ ಮುಗಿದು ಈಗ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್. ಯಂತ್ರದ ಮೇಲೆ ನಾಲ್ಕು ಗಂಟೆ. ಹೋಗುವುದು, ಕಾಯುವುದು, ತಲೆ ಸುತ್ತುವುದು ನಿಂತಮೇಲೆ ಮನೆಗೆ ಬರುವುದು ಸೇರಿದರೆ ದಿನ ಪೂರ್ತಿ. ಅವಳ ಶಾಲೆಯ ಬ್ಯಾಗಿಗಿಂತ ಆಸ್ಪತ್ರೆಯ ಪ್ಲಾಸ್ಟಿಕ್ ಕವರೇ ಭಾರ. ಅದರೊಳಗೆ ರೇಷನ್ ಕಾರ್ಡು, ಎಲ್ಲರ ಆಧಾರ್ ಜೆರಾಕ್ಸು, ಆಯುಷ್ಮಾನ್ ಕಾರ್ಡು, ರೆಫರಲ್ ಪತ್ರ, ಮಡಚಬಾರದೆಂದು ಹೇಳಿದರೂ ಮಡಚಿಟ್ಟ ಸ್ಕ್ಯಾನಿಂಗ್ ಫಿಲ್ಮು. ಕ್ರಿಯಾಟಿನಿನ್ ಎಷ್ಟಾದರೆ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ ಎಂದು ಅವಳಿಗೆ ಗೊತ್ತು. ಬಹುಪದೋಕ್ತಿ ಎಂದರೇನು ಎನ್ನುವುದು ಗೊತ್ತಿಲ್ಲ, ಅದನ್ನು ಹೇಳಿಕೊಟ್ಟದ್ದು ಶುಕ್ರವಾರ.

ಮನೆಯಲ್ಲಿ ಅಪ್ಪನ ನೀರಿನ ಲೆಕ್ಕ ಅವಳದೇ. ಬೆಳಿಗ್ಗೆ ಒಂದು ಲೀಟರ್ ಬಾಟಲಿಗೆ ತುಂಬಿಡುತ್ತಾಳೆ, ದಿನವಿಡೀ ಕುಡಿಯುವುದು ಅಷ್ಟೇ, ಕಾಫಿಯೂ ಮಾತ್ರೆಯ ನೀರೂ ಅದರಲ್ಲೇ. ತರಕಾರಿ ಹೆಚ್ಚಿ ನೀರಲ್ಲಿ ನೆನೆಹಾಕಿ ಆ ನೀರು ಚೆಲ್ಲುತ್ತಾಳೆ, ಪೊಟ್ಯಾಸಿಯಂ ಇಳಿಯಲಿ ಎಂದು. ಹೀಗಿರುವಾಗ ಭಾನುವಾರ ನೆಂಟರು ಬರುತ್ತಾರೆ. ರೋಗಿಯನ್ನು ನೋಡಲು ಬರಿಗೈಲಿ ಬರಬಾರದಲ್ಲ, ಆರು ಎಳನೀರು, ಒಂದು ಚಿಪ್ಪು ಬಾಳೆಹಣ್ಣು. ಕಿಡ್ನಿ ಹೋದವರಿಗೆ ಎಳನೀರಿನ ಪೊಟ್ಯಾಸಿಯಂ ಗುಂಡಿಗೆಯನ್ನೇ ನಿಲ್ಲಿಸಬಹುದು ಎಂದು ಸಿಸ್ಟರ್ ಹೇಳಿದ್ದನ್ನು ಹುಡುಗಿ ಬಾಯಿಪಾಠ ಮಾಡಿದ್ದಾಳೆ.

“ದೊಡ್ಡಪ್ಪ, ಇದು ಕೊಡೋ ಹಂಗಿಲ್ಲ.”

“ಎಳನೀರು ತಂಪು ಕಣಮ್ಮ. ಬಂಜೆಗೂ ಬಾಣಂತಿಗೂ ಕೊಡ್ತಾರೆ. ನೀನೇನು ಡಾಕ್ಟ್ರಾ?”

“ಆಸ್ಪತ್ರೇಲಿ ಹೇಳವ್ರೆ ದೊಡ್ಡಪ್ಪ.”

“ನೋಡಿದ್ರಾ, ಅಪ್ಪ ಮಲಗಿದ್ದೇ ತಡ, ಬಾಯಿ ಬಂತು.”

ಕೊನೆಗೆ ಆ ಎಳನೀರನ್ನು ದೊಡ್ಡಪ್ಪನೇ ಕುಡಿದು, ಹೊರಡುವಾಗ ಅವಳ ತಲೆ ಸವರಿ, “ಇನ್ನು ಮನೆ ಜವಾಬ್ದಾರಿ ಎಲ್ಲಾ ನಿಂದೇ ಕಣವ್ವ” ಎಂದು ಹೇಳಿಹೋಗುತ್ತಾನೆ. ಜವಾಬ್ದಾರಿಯನ್ನು ಇಷ್ಟು ಸಲೀಸಾಗಿ ಹಸ್ತಾಂತರಿಸುವ ಇನ್ನೊಂದು ಸಂಸ್ಥೆ ಎಂದರೆ ನಮ್ಮ ಸರ್ಕಾರಿ ಇಲಾಖೆ ಮಾತ್ರ.

ಇಲಾಖೆಯ ಮಾತು ಬಂತು. 2013ರಲ್ಲಿ ರಾಜ್ಯ ಹೈಕೋರ್ಟು ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡು ಚಾಟಿ ಬೀಸಿತು. ಅಲ್ಲಿಯತನಕ ಅರವತ್ತು ದಿನ ಕಾಣದಿದ್ದರೆ ಮಾತ್ರ ಮಗು ಶಾಲೆ ಬಿಟ್ಟಿತು ಎಂಬ ಲೆಕ್ಕವಿತ್ತು. ಆಮೇಲೆ ಅದು ಏಳು ದಿನಕ್ಕೆ ಇಳಿಯಿತು. ಸತತ ಏಳು ದಿನ ಗೈರಾದರೆ ಮನೆಗೆ ಹೋಗಿ ವಿಚಾರಿಸಬೇಕು, ಕರೆತರಬೇಕು. ಒಳ್ಳೆಯ ನಿಯಮ, ಅನುಮಾನವೇ ಇಲ್ಲ. ನಮ್ಮ ಹುಡುಗಿಗೂ ಇದಕ್ಕೂ ಸಂಬಂಧವಿಲ್ಲ ಅಷ್ಟೆ. ಅವಳು ಸತತ ಏಳು ದಿನ ಎಂದೂ ಗೈರಾಗುವುದಿಲ್ಲ. ಸತತ ಎರಡು ದಿನವೂ ಇಲ್ಲ. ಮಂಗಳವಾರ ಇಲ್ಲ, ಬುಧವಾರ ಇದ್ದಾಳೆ. ಶುಕ್ರವಾರ ಇಲ್ಲ, ಶನಿವಾರ ಇದ್ದಾಳೆ. ಶಾಲೆ ಬಿಟ್ಟವರ ಪಟ್ಟಿಯಲ್ಲಿ ಅವಳ ಹೆಸರು ಈ ಜನ್ಮದಲ್ಲಿ ಬರುವುದಿಲ್ಲ. ಆದರೆ ವಾರದ ಆರು ದಿನದಲ್ಲಿ ಎರಡು ದಿನ ಹೋದರೆ ಉಳಿಯುವ ಹಾಜರಿ ಶೇ. 66. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಬೇಕಾದ್ದು ಶೇ. 75. ಕರೆತರಬೇಕಾದ ನಿಯಮಕ್ಕೆ ಅವಳು ಶಾಲೆಯೊಳಗಿದ್ದಾಳೆ, ಹೊರಗಿಡಬೇಕಾದ ನಿಯಮಕ್ಕೆ ಹೊರಗಿದ್ದಾಳೆ. ಎರಡು ನಿಯಮಗಳ ನಡುವೆ ಇಷ್ಟು ಕರಾರುವಾಕ್ಕಾಗಿ ಬೀಳುವುದಕ್ಕೂ ಒಂದು ಪ್ರತಿಭೆ ಬೇಕು.

ಮೇಷ್ಟ್ರನ್ನು ಬೈಯೋಣ ಎಂದರೆ ಅವರ ಪಾಡೂ ಹಾಗೇ ಇದೆ. ಮೊಟ್ಟೆ ಎಣಿಸಬೇಕು, ಆ್ಯಪ್‌ಗೆ ಹಾಕಬೇಕು, ಸಭೆಗೆ ಹೋಗಬೇಕು. 2025ರ ಸೆಪ್ಟೆಂಬರ್ 22ರಿಂದ ದಸರಾ ರಜೆ ಪೂರ್ತಿ ಮನೆಮನೆ ಸುತ್ತಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮಾಡಿದವರು ಇವರೇ. ಅರವತ್ತು ಪ್ರಶ್ನೆ. ಜಾತಿ, ಉಪಜಾತಿ, ಕಸುಬು, ಸಾಲ, ಸೂರು. ಆ ಅರವತ್ತರಲ್ಲಿ ‘ಈ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರ ವಯಸ್ಸೆಷ್ಟು’ ಎಂಬ ಅರವತ್ತೊಂದನೆಯದು ಇರಲಿಲ್ಲ. ಆಶಾ ಕಾರ್ಯಕರ್ತೆ ಬಂದರೆ ಅಪ್ಪನ ಬಿಪಿ, ಶುಗರ್ ಬರೆದುಕೊಳ್ಳುತ್ತಾರೆ. ಮೇಷ್ಟ್ರು ಬಂದರೆ ಮಗಳ ಹೆಸರು ಬರೆದುಕೊಳ್ಳುತ್ತಾರೆ. ಇಬ್ಬರೂ ಬರುವುದು ಒಂದೇ ಬಾಗಿಲಿಗೆ. ಎರಡು ಪುಸ್ತಕಗಳು ಮಾತ್ರ ಈವರೆಗೆ ಪರಸ್ಪರ ಮುಖ ನೋಡಿಲ್ಲ. ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ಯಂತ್ರ ತರುತ್ತೇವೆ ಎಂದು ಸರ್ಕಾರ 2025ರಲ್ಲಿ ಹೇಳಿತು. ಬರಲಿ. ಇಲ್ಲದ ಮುಖ ಎಲ್ಲಿಗೆ ಹೋಗಿದೆ ಎಂದು ಗುರುತಿಸುವ ಯಂತ್ರ ಬಂದ ದಿನ ನನಗೂ ತಿಳಿಸಿ.

ದೇಶಮಟ್ಟದ ಅಂಕಿಅಂಶದವರು ಇನ್ನೂ ಜಾಣರು. ಮಕ್ಕಳು, ಯುವಕರು ಓದು ಬಿಡುವುದೇಕೆ ಎಂದು 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಕೇಳಿದಾಗ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 30 ಮಂದಿಯ ಕಾರಣ ‘ಮನೆಗೆಲಸ’ ಎಂದು ದಾಖಲಾಯಿತು. ಅಪ್ಪನ ಮಲದ ಪಾತ್ರೆ ಎತ್ತುವುದು, ಅಮ್ಮನ ಕೀಮೋ ವಾಂತಿ ಒರೆಸುವುದು, ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಹೊರಳಿಸುವುದು, ತಮ್ಮನಿಗೆ ಜಡ್ಡು ಅಂಟದಂತೆ ಬೇರೆ ಮಲಗಿಸುವುದು, ಎಲ್ಲವೂ ಈ ಶೇ. 30ರ ಹೊಟ್ಟೆಯೊಳಗೆ ಮುಸುರೆ ಪಾತ್ರೆಯ ಜೊತೆ ತಣ್ಣಗೆ ಕೂತಿವೆ. ಅದೇ ಪಟ್ಟಿಯಲ್ಲಿ ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂಬ ಕಾರಣವೂ ಇದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದು ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ತೂಕಡಿಸುವ ಹುಡುಗನ ಆಸಕ್ತಿಯನ್ನು ಅಳೆಯುವುದು ಸುಲಭವೇ ಸರಿ.

ಹಾಗಾದರೆ ಸರ್ಕಾರ ಇಂಥ ಮಕ್ಕಳಿಗೆ ಏನೂ ಮಾಡುವುದಿಲ್ಲವೇ? ಮಾಡುತ್ತದೆ, ಒಂದು ಸಣ್ಣ ಷರತ್ತಿನ ಮೇಲೆ. ಯಾವ ಕಚೇರಿಯ ಕಿಟಕಿ ಎಂದು ಕೇಳಬೇಡಿ, ಎಲ್ಲ ಕಿಟಕಿಯಲ್ಲೂ ನಡೆಯುವ ಮಾತು ಇದು.

“ಅಪ್ಪ ಇದಾರೇನಮ್ಮ?”

“ಇದಾರೆ ಸಾರ್.”

“ಇದಾರೆ ಅಂದ್ಮೇಲೆ ಇದು ಬರಲ್ಲ.”

“ಎದ್ದೇಳಕ್ಕೆ ಆಗಲ್ಲ ಸಾರ್.”

“ಎದ್ದೇಳದಿದ್ರೂ ಇದಾರಲ್ಲ.”

“ಮತ್ತೆ ಯಾವಾಗ ಬರ್ಬೇಕು ಸಾರ್?”

ಗುಮಾಸ್ತ ಕೆಟ್ಟವನಲ್ಲ. ಈ ಪ್ರಶ್ನೆಗೆ ಅವನ ಸುತ್ತೋಲೆಯಲ್ಲಿ ಉತ್ತರವಿಲ್ಲ, ಇರುವ ಒಂದೇ ಉತ್ತರವನ್ನು ಮಗುವಿನ ಮುಖ ನೋಡಿ ಹೇಳಲು ಬಾಯಿ ಬರುವುದಿಲ್ಲ.

ಯಾಕೆಂದರೆ ಅಪ್ಪ ಸತ್ತ ಮರುದಿನದಿಂದ ಮಗುವಿಗೆ ಸರ್ಕಾರಿ ಅಸ್ತಿತ್ವ ಬರುತ್ತದೆ. ದುಡಿಯುವ ಯಜಮಾನ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವಿನಲ್ಲಿ ಬಡ ಮನೆಗೆ 20,000 ರೂಪಾಯಿ. ಅಮ್ಮನಿಗೆ ವಿಧವಾ ವೇತನ ತಿಂಗಳಿಗೆ 800. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರೆ ಶಿಕ್ಷಣ ಹಕ್ಕಿನ ಪ್ರವೇಶದಲ್ಲಿ ‘ಅನಾಥ’ ಎಂಬ ಖಾನೆ. ಕೋವಿಡ್ಡಿನಲ್ಲಿ ಇಬ್ಬರೂ ಹೋದ ಮಕ್ಕಳಿಗೆ 2021ರಲ್ಲಿ ರಾಜ್ಯದ ಬಾಲಸೇವಾ ಯೋಜನೆ ತಿಂಗಳಿಗೆ 3,500 ಗೊತ್ತುಮಾಡಿತು, ಕೇಂದ್ರದ ಪಿಎಂ ಕೇರ್ಸ್ ಇಪ್ಪತ್ತಮೂರು ತುಂಬಿದಾಗ 10 ಲಕ್ಷ ಎಂದಿತು. ಇವೆಲ್ಲ ಬೇಕಾದವೇ, ಕೆಲವು ತೀರಾ ಕಡಿಮೆಯಾದವು. ನನ್ನ ತಕರಾರು ಕೀಲಿಕೈಯ ಬಗ್ಗೆ. ಎಲ್ಲ ಬೀಗಕ್ಕೂ ಒಂದೇ ಕೀಲಿ, ಮರಣ ಪ್ರಮಾಣಪತ್ರ. ಅಪ್ಪ ಹಾಸಿಗೆ ಹಿಡಿದ ನಾಲ್ಕು ವರ್ಷದಲ್ಲಿ ಮಗುವಿನ ಓದು ಮುಗಿದೇ ಹೋಗಿರುತ್ತದೆ. ಆಮೇಲೆ ಬರುವ ದುಡ್ಡು ಓದಿಗೆ ಅಲ್ಲ, ಸಾಲಕ್ಕೆ. ಆಸ್ಪತ್ರೆಯ ಬಿಲ್ಲಿಗೇನೋ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವಿದೆ, ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಅಪ್ಪನಿಗೆ ಪ್ಯಾಕೇಜ್ ಇದೆ. ಆ ಪ್ಯಾಕೇಜಿನೊಳಗೆ ಮಗಳಿಲ್ಲ.

ತಡೆಯಿರಿ, ಕಾನೂನು ತಿಳಿದವರೊಬ್ಬರು ಕೈ ಎತ್ತುತ್ತಿದ್ದಾರೆ. ಅವರು ಹೇಳುವುದು ನಿಜ. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಅಪ್ಪ ಅಮ್ಮ ಇದ್ದೂ ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲದ ಮಗುವನ್ನು ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಎಂದೇ ಕರೆದಿದೆ. ಕೇಂದ್ರದ ಮಿಷನ್ ವಾತ್ಸಲ್ಯದ ಕೆಳಗೆ ಪ್ರಾಯೋಜಕತ್ವ ಎಂಬ ಯೋಜನೆಯಿದೆ. ಪೋಷಕರು ಪ್ರಾಣಾಂತಿಕ ಕಾಯಿಲೆಗೆ ತುತ್ತಾಗಿದ್ದರೆ ಮಗು ಮನೆಯಲ್ಲೇ ಇದ್ದು ಓದಲಿ ಎಂದು ತಿಂಗಳಿಗೆ 4,000 ರೂಪಾಯಿ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಮುಂದಿನದು ಮಕ್ಕಳ ಕಲ್ಯಾಣ ಸಮಿತಿಗೆ. ಬದುಕಿರುವ ಅಪ್ಪನನ್ನು ಕ್ಷಮಿಸುವ ಒಂದಾದರೂ ಯೋಜನೆ ಸಿಕ್ಕಿತಲ್ಲ ಎಂದು ನಾನೂ ಕುಣಿದಾಡಿದೆ. ಆಮೇಲೆ ಆದಾಯ ಮಿತಿಯ ಸಾಲು ಓದಿದೆ. ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000.

ಬನ್ನಿ, ಲೆಕ್ಕ ಮಾಡೋಣ. 72,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 6,000, ದಿನಕ್ಕೆ 200ಕ್ಕೂ ಎರಡು ಮೂರು ರೂಪಾಯಿ ಕಮ್ಮಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370. ಅಂದರೆ ನಮ್ಮ ಹುಡುಗಿಯ ಅಮ್ಮ ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ಬಡತನದ ಕೂಲಿಯನ್ನು ವರ್ಷಕ್ಕೆ 195 ದಿನ ಸಂಪಾದಿಸಿದರೆ 72,150 ಆಗುತ್ತದೆ. ನೂರೈವತ್ತು ರೂಪಾಯಿ ಹೆಚ್ಚಾಯಿತು, ಮಗು ಅನರ್ಹ. ಬಿಪಿಎಲ್ ಕಾರ್ಡಿಗೆ 1.20 ಲಕ್ಷದವರೆಗೆ ಬಡವರು ಎಂದು ಒಪ್ಪುವ ಸರ್ಕಾರ, ಅದೇ ಮನೆಯ ಮಗುವಿನ ಓದಿಗೆ ಬಂದಾಗ ಇನ್ನೂ ಸ್ವಲ್ಪ ಬಡವರಾಗಿ ಬನ್ನಿ ಎನ್ನುತ್ತದೆ. ಹಾಗಾಗಿ ಗಂಡ ಮಲಗಿರುವ ಮನೆಯ ಹೆಂಗಸಿಗೆ ಸೂಚನೆ: ನೂರತೊಂಬತ್ತನಾಲ್ಕನೇ ದಿನ ಮಗ್ಗ ನಿಲ್ಲಿಸಿ ಮನೆಗೆ ಬಂದುಬಿಡಿ. ಉಳಿದ ನೂರೆಪ್ಪತ್ತೊಂದು ದಿನ ಗಾಳಿ ಕುಡಿಯಿರಿ. ಗಂಡನಿಗೆ ಅದನ್ನೂ ಅಳೆದೇ ಕೊಡಿ.

ಆದಾಯ ಪ್ರಮಾಣಪತ್ರದ ಕಥೆ ಇದಕ್ಕಿಂತ ಸ್ವಾರಸ್ಯ. ನಾಡಕಚೇರಿ ಕೊಡುವ ಈ ಪತ್ರಕ್ಕೆ ಐದು ವರ್ಷದ ಆಯಸ್ಸು. ಅಪ್ಪ ಗಟ್ಟಿಮುಟ್ಟಾಗಿ ಎರಡು ಪಾಳಿ ನೇಯುತ್ತಿದ್ದಾಗ ಮಗಳ ಸ್ಕಾಲರ್‌ಶಿಪ್ಪಿಗೆಂದು ಮಾಡಿಸಿದ್ದು ಇನ್ನೂ ಜೀವಂತವಾಗಿರುತ್ತದೆ. ಅಪ್ಪನ ಕಿಡ್ನಿ ಸತ್ತಿದೆ, ಅಪ್ಪನ ಸಂಪಾದನೆ ಸತ್ತಿದೆ, ಕಾಗದದಲ್ಲಿ ಮಾತ್ರ ಅವರು ಹಳೆಯ ಹುರುಪಿನಲ್ಲಿ ದುಡಿಯುತ್ತಲೇ ಇದ್ದಾರೆ. ಹೊಸದು ಬೇಕೆಂದರೆ ಗ್ರಾಮ ಲೆಕ್ಕಿಗರು ಸ್ಥಳ ಪರಿಶೀಲನೆಗೆ ಬರಬೇಕು. ಅವರ ಹುದ್ದೆಗೆ ಈಚೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆ, ಸುತ್ತಬೇಕಾದ ಊರುಗಳೇನೂ ಚಿಕ್ಕವಾಗಿಲ್ಲ. ಅವರು ಬರುವ ದಿನ ಯಾವುದು? ಬಹುಮಟ್ಟಿಗೆ ಮಂಗಳವಾರ. ಮನೆಗೆ ಬೀಗ.

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಅಪ್ಪ ಕಾಯಂ ಆಗಿದ್ದಿದ್ದರೆ ಕಥೆ ಬೇರೆ. ಇಎಸ್‌ಐ ಇರುತ್ತಿತ್ತು, 91 ದಿನ ಸಂಬಳದ ಶೇ. 70, ಪಟ್ಟಿಯಲ್ಲಿರುವ 34 ದೀರ್ಘ ಕಾಯಿಲೆಗಳಿಗೆ ಶೇ. 80ರ ಲೆಕ್ಕದಲ್ಲಿ ಎರಡು ವರ್ಷದವರೆಗೆ. ಕಾಯಿಲೆ ಬಿದ್ದವನ ಮನೆಯಲ್ಲಿ ಒಲೆ ಉರಿಯಬೇಕು ಎಂದು ಯಾರೋ ಪುಣ್ಯಾತ್ಮರು 1948ರಲ್ಲೇ ಕಾನೂನು ಮಾಡಿಟ್ಟಿದ್ದಾರೆ. ಮಗ್ಗದ ಮನೆಯ ಕೂಲಿಗೆ, ಹಿಪ್ಪುನೇರಳೆ ಸೊಪ್ಪು ಕೊಯ್ಯುವವನಿಗೆ, ಗುಲಾಬಿ ಪಾಲಿಹೌಸಿನಲ್ಲಿ ಔಷಧಿ ಹೊಡೆಯುವವನಿಗೆ ಆ ಕಾನೂನಿನ ಬಿಸಿ ತಟ್ಟಿಲ್ಲ. ಅವರ ಮನೆಗಳಲ್ಲಿ ಸಿಕ್‌ನೆಸ್ ಬೆನಿಫಿಟ್ ಎಂದರೆ ಏಳನೇ ಕ್ಲಾಸಿನ ಮಗ.

ಖಾಸಗಿ ಶಾಲೆಗೆ ಕಳಿಸಿದ್ದವರ ಗೋಳು ಬೇರೆ. ಅಮ್ಮನಿಗೆ ಕ್ಯಾನ್ಸರ್ ಎಂದು ತಿಳಿದ ವಾರದಲ್ಲೇ ಮಗನನ್ನು ಸರ್ಕಾರಿ ಶಾಲೆಗೆ ಹಾಕೋಣ ಎಂದು ಹೊರಟರೆ ಟಿಸಿ ಕೊಡುವುದಿಲ್ಲ, ಫೀಜು ಬಾಕಿ. ಒಂದರಿಂದ ಎಂಟರವರೆಗಿನ ಮಕ್ಕಳಿಗೆ ಟಿಸಿ ತಡಮಾಡದೆ ಕೊಡಬೇಕು, ಟಿಸಿ ಇಲ್ಲ ಎಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಹೇಳುತ್ತಲೇ ಇದೆ. ಕಾಯ್ದೆ ಹೇಳುತ್ತದೆ, ಆಫೀಸಿನ ಮೇಡಂ ಬೇರೆ ಹೇಳುತ್ತಾರೆ, ಅಪ್ಪನಿಗೆ ಕೇಳಿಸುವುದು ಮೇಡಂ ಮಾತು.

ಇನ್ನು ಎಲ್ಲಕ್ಕಿಂತ ಹಳೆಯ, ಎಲ್ಲ ಊರಲ್ಲೂ ಲಭ್ಯವಿರುವ ಯೋಜನೆಯೊಂದಿದೆ. ಇದಕ್ಕೆ ಅರ್ಜಿ ಬೇಡ, ಆದಾಯ ಮಿತಿಯಿಲ್ಲ, ಸಕಾಲ ಸಂಖ್ಯೆಯೂ ಬೇಡ. “ನಾನು ಕಣ್ಣು ಮುಚ್ಚೋದರೊಳಗೆ ಇವಳದೊಂದು ನೋಡಿಬಿಟ್ರೆ ಸಾಕು.” ಹಾಸಿಗೆಯ ಮೇಲಿನ ಅಮ್ಮ ಇಷ್ಟಂದರೆ ಮುಗಿಯಿತು. ಸಾಯುವವರ ಕೊನೆಯಾಸೆಗೆ ಇಲ್ಲ ಎನ್ನುವ ಗಟ್ಟಿಗರು ನಮ್ಮಲ್ಲಿಲ್ಲ. ಹುಡುಗಿಗೆ ಹದಿನಾರು. ಸೋದರಮಾವ ಸಿದ್ಧ, ಘಾಟಿ ಸುಬ್ರಹ್ಮಣ್ಯ ಹತ್ತಿರ, ಇಲ್ಲವೇ ಆಂಧ್ರದ ಗಡಿಯೇನೂ ಬಹಳ ದೂರವಿಲ್ಲ. ಕರ್ನಾಟಕದಲ್ಲಿ 2017ರಿಂದ ಬಾಲ್ಯವಿವಾಹ ಹುಟ್ಟಿನಿಂದಲೇ ಅಸಿಂಧು. ಅದನ್ನು ಅಮ್ಮನ ಹಾಸಿಗೆಯ ಪಕ್ಕ ನಿಂತು ಓದಿ ಹೇಳುವವರು ಯಾರು? ಮಕ್ಕಳ ಸಹಾಯವಾಣಿ 1098ಕ್ಕೆ ಯಾರಾದರೂ ಫೋನ್ ಮಾಡಿ ಮದುವೆ ನಿಂತರೆ ಊರಿನವರ ಶಾಪ ಫೋನ್ ಮಾಡಿದವರಿಗೆ. ವಿಚಿತ್ರವೆಂದರೆ ಇಂಥ ಎಷ್ಟೋ ಅಮ್ಮಂದಿರು ಮದುವೆಯ ನಂತರ ಚೇತರಿಸಿಕೊಂಡು ಹತ್ತಾರು ವರ್ಷ ಬದುಕುತ್ತಾರೆ. ಹುಡುಗಿಯ ಹತ್ತನೇ ಕ್ಲಾಸು ಮಾತ್ರ ಚೇತರಿಸಿಕೊಳ್ಳುವುದಿಲ್ಲ.

ನಮ್ಮ ಪತ್ರಿಕೆಗಳ ಉಪಕಾರವನ್ನೂ ನೆನೆಯಬೇಕು. ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೇ ದಿನ ಒಳಪುಟದಲ್ಲಿ ಒಂದು ಫೋಟೊ ಇರಲೇಬೇಕು: ಹಾಸಿಗೆ ಹಿಡಿದ ತಂದೆ, ಪಕ್ಕದಲ್ಲಿ ಸಿಹಿ ತಿನ್ನಿಸುವ ಮಗಳು, 625ಕ್ಕೆ ಆರುನೂರರ ಮೇಲೆ. ‘ಕಷ್ಟದಲ್ಲಿ ಅರಳಿದ ಪ್ರತಿಭೆ.’ ಶಾಸಕರು ಶಾಲು ಹೊದಿಸುತ್ತಾರೆ, ಸಂಘದವರು ಪೇಟ ಇಡುತ್ತಾರೆ, ಒಂದು ಲ್ಯಾಪ್‌ಟಾಪ್ ಭರವಸೆ. ಒಬ್ಬಳು ಅರಳಿದ್ದರಿಂದ ಗೊಬ್ಬರ ಚೆನ್ನಾಗಿದೆ ಎಂದು ಎಲ್ಲರೂ ತೀರ್ಮಾನಿಸಿದಂತಿದೆ. ಎಲ್ಲ ಅಪ್ಪಂದಿರೂ ಹಾಸಿಗೆ ಹಿಡಿದರೆ ಜಿಲ್ಲೆಗೆ ಮೊದಲ ಸ್ಥಾನ ಖಚಿತ. ಅದೇ ಬೀದಿಯಲ್ಲಿ ಅದೇ ಕಾಯಿಲೆಯ ಇನ್ನೊಬ್ಬ ಅಪ್ಪನ ಮಗ ಗಣಿತದಲ್ಲಿ 18 ತೆಗೆದು ವೆಲ್ಡಿಂಗ್ ಅಂಗಡಿಗೆ ಸೇರಿಕೊಂಡ ಫೋಟೊ ನಾನು ಯಾವ ಪತ್ರಿಕೆಯಲ್ಲೂ ನೋಡಿಲ್ಲ.

ಇಂಗ್ಲೆಂಡಿನವರು ಈ ವಿಷಯದಲ್ಲಿ ತೀರಾ ಪೆದ್ದರು. 2011ರ ಜನಗಣತಿಯಲ್ಲಿ ಕೂತು ಎಣಿಸಿ, ಐದರಿಂದ ಹದಿನೇಳು ವರ್ಷದೊಳಗಿನ 1,66,000ಕ್ಕೂ ಹೆಚ್ಚು ಮಕ್ಕಳು ಮನೆಯ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ತಾವೇ ಒಪ್ಪಿಕೊಂಡರು. 2014ರಲ್ಲಿ ಕಾನೂನು ಮಾಡಿ, ಅಂಥ ಮಗುವಿಗೆ ಏನು ಬೇಕು ಎಂದು ಸ್ಥಳೀಯ ಆಡಳಿತವೇ ಹೋಗಿ ವಿಚಾರಿಸಬೇಕು ಎಂದರು. ಎಣಿಸಿದ್ದರಿಂದ ತಾನೇ ಈ ತಲೆನೋವು? ನಾವು ಜಾಣರು, 2021ರ ಜನಗಣತಿಯನ್ನೇ 2027ಕ್ಕೆ ದಾಟಿಸಿಬಿಟ್ಟೆವು. ಅದರ ಅಂಕಿಅಂಶ ಹೊರಬರುವ ಹೊತ್ತಿಗೆ ನಮ್ಮ ಹುಡುಗಿ ಮಗುವೂ ಆಗಿರುವುದಿಲ್ಲ, ಲೆಕ್ಕ ತಾನಾಗಿಯೇ ಹಗುರವಾಗುತ್ತದೆ.

ಬರೀ ದೂರುವುದಾಯಿತು, ಪರಿಹಾರ ಹೇಳಿ ಎಂದು ಯಾರಾದರೂ ಕೇಳುವ ಮೊದಲೇ ಒಂದು ಕರಡು ಸಿದ್ಧಪಡಿಸಿದ್ದೇನೆ. ಚಪ್ಪರಕಲ್ಲಿನ ಜಿಲ್ಲಾಡಳಿತ ಭವನಕ್ಕೆ ಕಳಿಸಬೇಕೆಂದಿದ್ದೇನೆ. ಮರಣ ಪ್ರಮಾಣಪತ್ರವೇ ಎಲ್ಲಕ್ಕೂ ಮೂಲವಾದ್ದರಿಂದ ‘ಭಾಗಶಃ ಮರಣ ಪ್ರಮಾಣಪತ್ರ’ವನ್ನು ಜಾರಿಗೆ ತರುವುದು. ಅಂಗವಿಕಲತೆಗೆ ಶೇ. 40ರ ಮಾನದಂಡ ಇರುವಂತೆ ಅಪ್ಪತನದ ನಷ್ಟಕ್ಕೂ ಶೇಕಡಾವಾರು ಪಟ್ಟಿ. ಎದ್ದು ಕೂರಬಲ್ಲ ಅಪ್ಪ ಶೇ. 25 ಮೃತ. ಕೂಲಿಗೆ ಹೋಗಲಾರದವರು ಶೇ. 50. ಮಗಳ ಹೆಸರು ಮರೆಯುವಷ್ಟು ತಲೆಗೆ ಏರಿದ್ದರೆ ಶೇ. 75. ಅಮ್ಮ ಮಲಗಿದ್ದರೆ ಕಾಯಿಲೆ ಯಾವುದೇ ಇರಲಿ ನೇರ ಶೇ. 90, ಏಕೆಂದರೆ ಅವರ ಕೆಲಸಕ್ಕೆ ಬದಲಿ ಆಳಿಲ್ಲ, ಮಗಳೊಬ್ಬಳನ್ನು ಬಿಟ್ಟು. ಪಿಂಚಣಿದಾರರು ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ತೋರಿಸುತ್ತಾರಲ್ಲ, ಹಾಗೆ ಇವರು ವರ್ಷಕ್ಕೊಮ್ಮೆ ಖುದ್ದಾಗಿ ಹಾಜರಾಗಿ ತಾವು ಸರಿಯಾಗಿ ಬದುಕಿಲ್ಲವೆಂದು ದೃಢೀಕರಿಸತಕ್ಕದ್ದು. ಬೆರಳಚ್ಚು ಹೊಂದದಿದ್ದರೆ ಕಣ್ಣಿನ ಪಾಪೆ. ಕಣ್ಣು ತೆರೆಯಲಾಗದಿದ್ದರೆ ಪೂರ್ಣ ಪ್ರಮಾಣಪತ್ರದ ಕೌಂಟರಿಗೆ ಹೋಗತಕ್ಕದ್ದು. ರೋಗಿ ವಾಸಿಯಾದಲ್ಲಿ ಪಡೆದ ನೆರವನ್ನು ಬಡ್ಡಿ ಸಮೇತ ಹಿಂತಿರುಗಿಸತಕ್ಕದ್ದು.

ಕರಡಿಗೆ ಯಾವ ಉತ್ತರ ಬರುತ್ತದೋ ನೋಡೋಣ. ಅಷ್ಟರಲ್ಲಿ ನಮ್ಮ ಹುಡುಗಿ ಹತ್ತನೇ ಕ್ಲಾಸಿಗೆ ಬಂದಳು, ವರ್ಷವೂ ಮುಗಿಯುತ್ತ ಬಂತು. ಹಾಜರಿ ಕೊರತೆಯವರ ಪಟ್ಟಿ ತಯಾರಾಯಿತು. ಹೆಡ್‌ಮಾಸ್ಟರು ಒಳ್ಳೆಯವರು, ಹುಡುಗಿಯನ್ನು ಕೂರಿಸಿಕೊಂಡು ದಾರಿ ಹುಡುಕಿದರು. ಅಪ್ಪನ ಡಯಾಲಿಸಿಸ್ ಫೈಲು ಪೂರ್ತಿ ತಂದಿದ್ದಳು, ಒಂದೊಂದು ಹಾಳೆಯಲ್ಲೂ ತಾರೀಖು, ಸಹಿ, ಸೀಲು. ಅವರು ತಿರುವಿಹಾಕಿ ಪಕ್ಕಕ್ಕಿಟ್ಟರು.

“ಇದೆಲ್ಲಾ ನಿಮ್ಮಪ್ಪಂದು ಕಣಮ್ಮ. ಮೆಡಿಕಲ್ ಸರ್ಟಿಫಿಕೇಟು ನಿನ್ನ ಹೆಸರಲ್ಲಿರಬೇಕು.”

“ನಂಗೇನೂ ಆಗಿಲ್ವಲ್ಲ ಸಾರ್.”

“ಅದೇ ತೊಂದ್ರೆ.”

ಊರಿನ ಕ್ಲಿನಿಕ್ಕಿನ ಡಾಕ್ಟರಿಗೂ ಮನೆಯ ಕಥೆ ಗೊತ್ತಿತ್ತು. ದುಡ್ಡು ಕೇಳದೆ ಬರೆದುಕೊಟ್ಟರು. ಹೆಡ್‌ಮಾಸ್ಟರು ಲಗತ್ತಿಸಿದರು, ಮೇಲಿನವರು ಒಪ್ಪಿದರು, ಹಾಲ್ ಟಿಕೆಟ್ ಬಂತು. ದಾಖಲೆಯ ಪ್ರಕಾರ ಅವಳ ಅಪ್ಪನಿಗೆ ಈಗ ಏನೂ ಆಗಿಲ್ಲ. ಟೈಫಾಯಿಡ್ ಆಗಿದ್ದು ಅವಳಿಗೆ, ಜೂನ್‌ನಿಂದ ಫೆಬ್ರುವರಿಯವರೆಗೆ, ಮಂಗಳವಾರ ಮತ್ತು ಶುಕ್ರವಾರ ಮಾತ್ರ.